ಬಸುರಿಯ ಜೊತೆ ಬಂದವರನ್ನು ಗೇಟಿನಲ್ಲೇ ತಡೆದ ಸಾಹೇಬರಿಗೆ

ನಮ್ಮ ಹೆರಿಗೆ ಆಸ್ಪತ್ರೆಯ ದೊಡ್ಡ ಸಾಹೇಬರೇ,

ಬಸುರಿಯರಿಗೆ ಗುರುವಾರ ನಡೆಯುತ್ತಿದ್ದ ವ್ಯಾಯಾಮವನ್ನು ನೀವು ನಿಲ್ಲಿಸಿದ್ದೀರಿ. ಯಾಕೆ ಎಂದು ಕೇಳಲು ಬಂದರೆ ನಿಮ್ಮ ಗೇಟಿನ ಜವಾನ ಚೆಲುವರಾಜು ನನ್ನ ಹೊಟ್ಟೆ ನೋಡುತ್ತಾನೆ. ಹೊಟ್ಟೆಯೇನೋ ಇದೆ, ಅದು ಬಸುರಿನದಲ್ಲ ಎಂದು ಅವನಿಗೂ ಗೊತ್ತು. "ನಾನೇನ್ ಮಾಡ್ಲಿ ಪುಟ್ಟತಾಯಕ್ಕ, ಸಾಹೇಬ್ರ ಹುಕುಂ" ಅನ್ನುತ್ತಾನೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರಿಕೆಯನ್ನು ಯಾರೂ ತಡೆಯುವುದಿಲ್ಲವಂತೆ, ಕಾಫಿಯ ಜೊತೆ ನೇರ ನಿಮ್ಮ ಮೇಜಿಗೇ ಬರುತ್ತದಂತೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಲಿ, ಮಾತು ಮಾತ್ರ ನನ್ನದೇ.

ನಾನು ಯಾದವಗಿರಿಯ ಬಂಗಲೆಗಳಿಗೆ ಹಾಲು ಹಾಕುವವಳು. ಹುಟ್ಟಿದ್ದು ಮಂಡಕಳ್ಳಿ, ಎಮ್ಮೆ ಕಟ್ಟಿಕೊಂಡು ಬದುಕುತ್ತಿರುವುದು ಇಲ್ಲಿ. ಸೇರು ಹೋಗಿ ಲೀಟರು ಬಂದರೂ ಹಾಲಿನ ಕ್ಯಾನಿನ ಭಾರ ಇಳಿದಿಲ್ಲ. ನಾಲ್ಕು ಹೆತ್ತ ಮೇಲೆ ಆ ಕ್ಯಾನು ಎತ್ತಿದರೆ, ಕೆಮ್ಮಿದರೆ, ಸೀನಿದರೆ ನನ್ನ ಸೀರೆ ಒದ್ದೆಯಾಗುತ್ತಿತ್ತು. ಇಂಥದ್ದನ್ನೆಲ್ಲ ಪತ್ರಿಕೆಯಲ್ಲಿ ಬರೆಯುವುದೇ ಎಂದು ಮೂಗು ಮುರಿಯಬೇಡಿ. ಹೆರಿಗೆ ಆಸ್ಪತ್ರೆ ನಡೆಸುವವರಿಗೆ ಹೇಳಬಾರದೆಂದರೆ ಇನ್ಯಾರಿಗೆ ಹೇಳಲಿ, ಪೋಸ್ಟ್ ಮಾಸ್ಟರಿಗೇ? ಕೆಮ್ಮು, ಸೀನು ಹೇಗೋ ತಡೆದುಕೊಳ್ಳಬಹುದು. ನಗುವನ್ನು ಏನು ಮಾಡುವುದು? ನಾಲ್ಕು ಜನ ಸೇರಿದ ಕಡೆ ನಗಿಸದೆ ಇರುವುದು ನನ್ನಿಂದಾಗದು. ಬೀಗರ ಊಟದಲ್ಲಿ ಪಂಕ್ತಿಯನ್ನೆಲ್ಲ ನಗಿಸಿ, ನಾನೊಬ್ಬಳು ಮಾತ್ರ ಕಾಲು ಬಿಗಿದುಕೊಂಡು ಸ್ಕೂಲ್ ಇನ್‌ಸ್ಪೆಕ್ಟರರ ಹಾಗೆ ಕೂರುತ್ತಿದ್ದೆ. ನಮ್ಮವ್ವನನ್ನು ಕೇಳಿದ್ದಕ್ಕೆ, "ಹೆತ್ಮೇಲೆ ಅವೆಲ್ಲ ಇದ್ದಿದ್ದೇ ಕಣ್ ಮಗ, ಸುಮ್ಕಿರು" ಅಂದಳು. ಸುಮ್ಮನಿದ್ದೆ.

ಈ ವರ್ಷ ನನ್ನ ಮಗಳು ಮಂಗಳಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ನಿಮ್ಮ ಆಸ್ಪತ್ರೆಯ ನರ್ಸ್ ಅಗ್ನೆಸ್ ಸಿಸ್ಟರ್ ಹಿಂದಿನ ವರಾಂಡದಲ್ಲಿ ಬಸುರಿಯರಿಗೆ ವ್ಯಾಯಾಮ ಹೇಳಿಕೊಡುತ್ತಾರೆಂದು ಕೇಳಿ, ಆರನೇ ತಿಂಗಳಲ್ಲೇ ಅವಳನ್ನು ಕರೆದುಕೊಂಡು ಬಂದೆ. ವ್ಯಾಯಾಮವೆಂದರೆ ಗರಡಿಮನೆಯ ದಂಡ, ಬಸ್ಕಿ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಚಾಪೆಯ ಮೇಲೆ ಮೊಣಕಾಲು ಮಡಿಸಿಕೊಂಡು ಮಲಗುವುದು.

"ಒಂದಕ್ಕೆ ಬಂದಾಗ ತಡ್ಕೊತೀರಲ್ಲ, ಹಂಗೆ ಒಳಗಡೆ ಬಿಗಿ ಹಿಡೀರಿ" ಅಂದರು ಸಿಸ್ಟರ್. "ಉಸಿರು ಕಟ್ಬೇಡಿ. ಈಗ ಮೆಲ್ಲಗೆ ಸಡಿಲ ಬಿಡಿ."

ತನ್ನ ಮಗಳ ಜೊತೆ ಬಂದಿದ್ದ ದೇವಿರಮ್ಮ ಗೋಡೆಗೆ ಒರಗಿಕೊಂಡೇ, "ನಮ್ ವಠಾರಕ್ಕೆಲ್ಲ ಒಂದೇ ಕಕ್ಕಸು ಸಿಸ್ಟರ್. ನಾನು ದಿನಾ ಬೆಳಗ್ಗೆ ಸಾಲಲ್ಲಿ ನಿಂತ್ಕೊಂಡು ಇದ್ನೇ ಮಾಡ್ತೀನಲ್ಲ" ಅಂದಳು.

"ಅದು ಸಂಕಟ ಕಣಮ್ಮ, ಇದು ವ್ಯಾಯಾಮ. ಅದಿರ್ಲಿ, ಕೆಮ್ಮಿದ್ರೆ ಸೀರೆ ನೆನೆಯುತ್ತಾ ನಿಮಗೆ?"

ದೇವಿರಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಪಕ್ಕದಲ್ಲಿ ಕುಳಿತಿದ್ದ ತಾಯಂದಿರೆಲ್ಲ ಒಟ್ಟಿಗೇ ಸೆರಗು ಸರಿಮಾಡಿಕೊಂಡರು. ಇಷ್ಟು ವರ್ಷ ನನ್ನೊಬ್ಬಳದೇ ಎಂದುಕೊಂಡಿದ್ದ ಗುಟ್ಟು ಇಡೀ ಮೊಹಲ್ಲಾದ ಗುಟ್ಟಾಗಿತ್ತು.

"ಹಂಗಾದ್ರೆ ನೀವೂ ಮಲಕ್ಕೊಳಿ. ಹೆತ್ತೋರ್ಗೂ ಒಳ್ಳೇದು ಇದು" ಅಂದರು ಸಿಸ್ಟರ್. ಮಲಗಿಬಿಟ್ಟೆವು.

ಇಲ್ಲೊಂದು ಮಾತು ಗಮನಿಸಿ ಸಾಹೇಬರೇ. ಮೊದಮೊದಲು ಮಂಗಳಾ ನಾಚಿಕೊಂಡು ಚಾಪೆಯ ಹತ್ತಿರವೇ ಸುಳಿಯಲಿಲ್ಲ. ನಾನು ವಾರ ವಾರ ಮಲಗಿದ್ದನ್ನು ನೋಡಿ ನೋಡಿ, ಕಡೆಗೊಂದು ಗುರುವಾರ ನನ್ನ ಪಕ್ಕಕ್ಕೆ ಬಂದು ಮಲಗಿದಳು. ಅದೇ ಗುರುವಾರ ನೀವು ತಪಾಸಣೆಗೆ ಬಂದಿರಿ. ಚಾಪೆಗಳ ಮೇಲೆ ನರೆತ ತಲೆಗಳನ್ನು ಕಂಡು, "ಇವರಲ್ಲಿ ಗರ್ಭಿಣಿಯರು ಯಾರು?" ಎಂದು ಕೇಳಿದಿರಿ.

"ನಾವೆಲ್ಲ ಹಳೇ ಬಸುರೀರು ಬುದ್ಧಿ" ಅಂದೆ.

ಸಿಸ್ಟರ್ ನಕ್ಕರು, ಮಂಗಳಾ ನಕ್ಕಳು, ನಾನೂ ಧೈರ್ಯವಾಗಿ ನಕ್ಕೆ, ಸೀರೆ ಒಣಗಿದ್ದ ಹಾಗೇ ಇತ್ತು. ನೀವು ಮಾತ್ರ ನಗಲಿಲ್ಲ. ನಗುವುದಕ್ಕೆ ನಿಮಗೇನು ತೊಂದರೆ, ನೀವು ಹೆತ್ತವರಲ್ಲವಲ್ಲ.

ಮರುವಾರ ಗೇಟಿನಲ್ಲಿ ಬೋರ್ಡು: 'ಗರ್ಭಿಣಿಯರಲ್ಲದವರಿಗೆ ಪ್ರವೇಶವಿಲ್ಲ.' ತುಂಬು ಬಸುರಿಯನ್ನು ಒಬ್ಬಳೇ ಹೊಸ್ತಿಲು ದಾಟಿಸುವ ಮನೆ ನಮ್ಮಲ್ಲಿ ಯಾವುದಿದೆ ಹೇಳಿ. ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿ ಬಂದ ಹುಡುಗಿ, ಗುರುತಿಲ್ಲದ ವರಾಂಡದಲ್ಲಿ ಕಾಲು ಮಡಿಸಿ ಮಲಗುತ್ತಾಳೆಯೇ? ನಿಮ್ಮ ಮನೆಯ ಹೆಣ್ಣುಮಗಳು ಮಲಗುತ್ತಾಳೆಯೇ? ಸಹಜವಾಗಿ ಯಾರೂ ಬರಲಿಲ್ಲ. ಕೂಡಲೇ ಎರಡನೇ ಆಜ್ಞೆ ಹೊರಟಿತು: 'ಹಾಜರಾತಿ ಇಲ್ಲದ ಕಾರಣ ತರಗತಿ ರದ್ದು.' ಒಲೆಗೆ ನೀರು ಸುರಿದು, ಅನ್ನ ಬೇಯಲಿಲ್ಲವೆಂದು ಪಾತ್ರೆಯನ್ನು ಆಚೆ ಎಸೆದ ಹಾಗಾಯಿತು. ಅಗ್ನೆಸ್ ಸಿಸ್ಟರ್ ಈಗ ಉಗ್ರಾಣದಲ್ಲಿ ಹತ್ತಿ ಸುತ್ತುತ್ತಿದ್ದಾರಂತೆ. ಹತ್ತಿಗೆ ಹೆರಿಗೆಯೂ ಇಲ್ಲ, ಅದರ ಜೊತೆ ಬರುವ ತಾಯಿಯೂ ಇಲ್ಲ. ನಿಮಗೆ ನೆಮ್ಮದಿ.

ನನಗಿಲ್ಲ. ಮೊನ್ನೆ ಮಂಗಳಾ ಬಾವಿಕಟ್ಟೆಯಲ್ಲಿ ಸೀನಿದಳು. ಸೀನಿ, ಹಾಗೇ ನಿಂತು, ನನ್ನ ಕಡೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮವ್ವ ನನಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಲಾರೆ. ಮನೆಯಲ್ಲೇ ಹೇಳಿಕೊಡಲು ನೋಡಿದೆ. ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಳ್ಳುತ್ತಾಳೆ. "ಸರಿಯಾಯ್ತೇನವ್ವ?" ಅಂತಾಳೆ. ಹಾಲಿನಲ್ಲಿ ನೀರಿದೆಯೇ ಎಂದು ಕೇಳಿದರೆ ಬೆರಳು ಅದ್ದಿ ಹೇಳಿಯೇನು, ಇದನ್ನು ಹೇಗೆ ಹೇಳಲಿ? ಎಂಟು ತಿಂಗಳು ತುಂಬುತ್ತಾ ಬಂತು.

ಆದ್ದರಿಂದ ಬೋರ್ಡು ಇಳಿಸಿ, ಸಿಸ್ಟರನ್ನು ವರಾಂಡಕ್ಕೆ ಕಳಿಸಿ, ಬಸುರಿಯ ಜೊತೆ ಒಬ್ಬ ಹೆಂಗಸನ್ನು ಒಳಗೆ ಬಿಡಿ. ಚಾಪೆ ನಾವೇ ತರುತ್ತೇವೆ. ಬರುವ ಗುರುವಾರ ಮಂಗಳಾ, ನಾನು, ದೇವಿರಮ್ಮ ಮತ್ತು ಅವಳ ಮಗಳು ಬಂದೇ ಬರುತ್ತೇವೆ. ಗೇಟು ತೆಗೆಯದಿದ್ದರೆ ಅದರ ಮುಂದಿನ ಕಲ್ಲುಬೆಂಚಿನ ಮೇಲೆ ಕುಳಿತುಕೊಳ್ಳುತ್ತೇವೆ. ಈ ವ್ಯಾಯಾಮ ಕುಳಿತೂ ಮಾಡಬಹುದು, ನೋಡುವವರಿಗೆ ಏನೂ ಕಾಣುವುದಿಲ್ಲ. ನಿಮ್ಮ ಕಾರು ಪಕ್ಕದಲ್ಲೇ ಹೋದರೂ ಯಾರು ಮಾಡುತ್ತಿದ್ದಾರೆ, ಯಾರು ಸುಮ್ಮನೆ ಕುಳಿತಿದ್ದಾರೆ ಎಂದು ನಿಮಗೆ ತಿಳಿಯುವುದಿಲ್ಲ. ಮಂಗಳಾ ಸರಿಯಾಗಿ ಮಾಡುತ್ತಿದ್ದಾಳೋ ಇಲ್ಲವೋ ಎಂದು ನನಗೂ ತಿಳಿಯುವುದಿಲ್ಲ. ಅದು ತಿಳಿದವರು ನಿಮ್ಮ ಉಗ್ರಾಣದಲ್ಲಿದ್ದಾರೆ.

ಇಂತಿ, ಮಗಳಿಗೆ ಉತ್ತರ ಹೇಳಲಾಗದೆ ನಿಮ್ಮನ್ನು ಕೇಳುತ್ತಿರುವ,
ಪುಟ್ಟತಾಯಮ್ಮ