ಯಂತ್ರ ಓದಿಬಿಟ್ಟ ಟಿಪ್ಪಣಿಗಳು

ಭಾನುವಾರ, ಫೆಬ್ರವರಿ ೮

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ದೇವರ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಶಾಲೆಯ ಮಕ್ಕಳೆಲ್ಲ ಕ್ಷೇಮವೇ? ಬರೆಯುತ್ತೇನೆ ಎಂದು ಹೇಳಿ ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ಶುರುಮಾಡಿದೆ, ಹರಿದೆ, ಮತ್ತೆ ಶುರುಮಾಡಿದೆ. ಫೋನಿನಲ್ಲೇ ಹೇಳಬಹುದಿತ್ತು, ಲ್ಯಾಪ್‌ಟಾಪಿನಲ್ಲೇ ಬರೆದು ಕಳಿಸಬಹುದಿತ್ತು ಎನ್ನುತ್ತೀಯ. ಕಾಗದವೇ ಯಾಕೆ ಬೇಕಾಯಿತು ಎನ್ನುವುದು ಓದಿ ಮುಗಿಸುವ ಹೊತ್ತಿಗೆ ನಿನಗೇ ತಿಳಿಯುತ್ತದೆ.

ಮೊದಲು ಒಳ್ಳೆಯ ಸುದ್ದಿ. ಅಪ್ಪ ಮತ್ತೆ ಬರೆಯುತ್ತಿದ್ದಾರೆ.

ಹೌದು, ನಿಮ್ಮಪ್ಪನೇ. ಕಣ್ಣು ಪೂರ್ತಿ ಹೋದ ಮೇಲೆ ಅರ್ಧ ಬರೆದ ಕಾದಂಬರಿಯನ್ನು ಹಳೇ ಸೂಟ್‌ಕೇಸಿಗೆ ತುಂಬಿ, ಪ್ರಕಾಶಕರಿಗೆ ಫೋನು ಮಾಡಿ "ಇನ್ನು ನನ್ನ ಮರೆತುಬಿಡಿ" ಎಂದವರು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿ, ರೇಡಿಯೋ, ಮತ್ತೆ ಕುರ್ಚಿ. ನೀನು ಬಂದಿದ್ದಾಗ ನಿನ್ನ ಶಾಲೆಯ ಕಣ್ಣಿಲ್ಲದ ಮಕ್ಕಳಿಗೆ ಕಲಿಸುವ ಆ ಎರಡು ಸಾಫ್ಟ್‌ವೇರ್ ಹಾಕಿಕೊಟ್ಟೆಯಲ್ಲ, ಒಂದು ಬರೆಯುವುದಕ್ಕೆ, ಒಂದು ಬರೆದದ್ದನ್ನು ಗಟ್ಟಿಯಾಗಿ ಓದುವುದಕ್ಕೆ, ಆಗ ಅವರು ಏನಂದರು ನೆನಪಿದೆಯಾ? "ಬಿಟ್ಟಿ ಸಿಕ್ಕಿದ್ದು ಎಷ್ಟು ದಿನ ಬಾಳುತ್ತೆ ಪುಟ್ಟಿ?" ನಾನೇ ಅಂದೆ, "ಗಾಳಿನೂ ಬಿಟ್ಟಿನೇ ರೀ. ಇಷ್ಟು ವರ್ಷ ಬಾಳಲಿಲ್ವಾ?" ಮಾತಿನಲ್ಲಿ ಸೋತಾಗ ಅವರು ಕೆಮ್ಮುತ್ತಾರೆ, ಕೆಮ್ಮಿದರು.

ಆ ಓದುವ ದನಿಗೆ ಭಾವವೂ ಇಲ್ಲ, ಉಸಿರೂ ಇಲ್ಲ. ಎದುರುಮನೆಯ ಟೈಲರಮ್ಮ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತು, "ಏನಕ್ಕ, ನಿಮ್ಮನೆಗೆ ಬಂದಿರೋ ನೆಂಟರಿಗೆ ನೆಗಡಿನಾ? ಬೆಳಗ್ಗೆಯಿಂದ ಒಂದೇ ಸಮ ಮಾತಾಡ್ತಿದ್ದಾರೆ, ಕುಡಿಯೋಕೆ ಬಿಸಿನೀರಾದ್ರೂ ಕೊಡಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ನೆಗಡಿರಾಯ.

ನೀನು ಹೇಳಿಕೊಟ್ಟಂತೆ ಅಪ್ಪನ ಕೈಬರಹವನ್ನು ದಿನಕ್ಕಿಷ್ಟು ಎಂದು ಟೈಪು ಮಾಡಿದೆ. ನಾನು ಹಳ್ಳಿ ಶಾಲೆಯವಳು. ಅಕ್ಷರ ಬರುತ್ತದೆ, ವೇಗ ಬರುವುದಿಲ್ಲ. ಒಂದು ಬೆರಳು ಹುಡುಕುತ್ತದೆ, ಇನ್ನೊಂದು ಒತ್ತುತ್ತದೆ. ಅಕ್ಷರ ತಿಳಿಯದ ಕಡೆ ಅಂಚಿನಲ್ಲಿ ಟಿಪ್ಪಣಿ ಹಾಕು ಎಂದು ನೀನೇ ಹೇಳಿದ್ದೆ. ಹಾಕಿದೆ. ಮೊದಲು "ಇಲ್ಲಿ ಶಾಯಿ ಹರಡಿದೆ" ಎಂದು. ಆಮೇಲೆ ಕೈ ತಾನಾಗಿಯೇ ಹರಿಯಿತು.

ಆ ಕಾದಂಬರಿಯಲ್ಲೂ ಒಬ್ಬ ಹೆಂಡತಿ ಇದ್ದಾಳೆ. ಅಪ್ಪನ ಎಲ್ಲ ಪುಸ್ತಕಗಳಲ್ಲೂ ಇರುವವಳೇ. ದೀಪ ಹಚ್ಚುತ್ತಾಳೆ, ಕಣ್ಣೀರು ಒರೆಸಿಕೊಳ್ಳುತ್ತಾಳೆ, ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ. ಗಂಡ ಮನೆ ಮಾರಿದ ದಿನ ದೇವರ ಮುಂದೆ ಕೂತು ಅಳುತ್ತಾಳೆ ಎಂದು ಬರೆದಿದ್ದರು. ನಾನು ಅಂಚಿನಲ್ಲಿ ಬರೆದೆ: "ಮನೆ ಖಾಲಿ ಮಾಡುವ ದಿನ ಅಳುವುದಕ್ಕೆ ಪುರುಸೊತ್ತು ಯಾರಿಗಿದೆ? ಒಲೆಯ ಹಿಂದೆ ಚಮಚ ಬಿದ್ದಿದೆಯಾ ನೋಡಬೇಕು. ಅಳು ಬರುವುದು ಹೊಸ ಮನೆಯಲ್ಲಿ, ಪಾತ್ರೆಗೆ ಜಾಗ ಸಿಗದಿದ್ದಾಗ." ಇನ್ನೊಂದು ಕಡೆ: "ಕೈಮುಗಿದಳು ಎಂದಷ್ಟೇ ಇದೆ. ಏನು ಕೇಳಿಕೊಂಡಳು?" ಮತ್ತೊಂದು ಕಡೆ, ಸಿಟ್ಟಿನಲ್ಲಿ: "ಇವಳಿಗೆ ಬಾಯಿ ಕೊಡಲು ಇವರಿಗೆ ಏನು ಕಷ್ಟ?"

ಪುಸ್ತಕದ ಅಂಚಿಗೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ, ಕಣ್ಣಿಲ್ಲದವರಿಗೆ ಕಾಣುವುದಿಲ್ಲ ಎಂದುಕೊಂಡಿದ್ದೆ. ನೆಗಡಿರಾಯ ಪುಟದ ನಡುವೆ ಇರುವುದನ್ನು ಮಾತ್ರ ಓದುತ್ತಾನೆ ಎಂಬ ಧೈರ್ಯ.

ಒಂದು ಮಧ್ಯಾಹ್ನ ಮಹಡಿಯಿಂದ ಒಣಗಿದ ಬಟ್ಟೆ ತರುತ್ತಿದ್ದೆ. ಮೆಟ್ಟಿಲಲ್ಲೇ ಕೇಳಿಸಿತು, ಅದೇ ಕಟ್ಟಿದ ಮೂಗಿನ ದನಿ: "ಟಿಪ್ಪಣಿ. ಇವಳಿಗೆ ಬಾಯಿ ಕೊಡಲು ಇವರಿಗೆ ಏನು ಕಷ್ಟ." ಅಪ್ಪ ಕೀಬೋರ್ಡ್ ತಡವುತ್ತಾ ಯಾವುದೋ ಗುಂಡಿ ಒತ್ತಿದ್ದರು. ಒಂದಾದ ಮೇಲೆ ಒಂದು, ನನ್ನ ಮಾತೆಲ್ಲ ಮನೆ ತುಂಬಾ! ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಅವನ ಬಾಯಿ ಮುಚ್ಚಿಸುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ದಿಂಬು ಒತ್ತಿ ಹಿಡಿದೆ. ದಿಂಬಿನ ಕೆಳಗೂ ಓದುತ್ತಲೇ ಇದ್ದ, ಪ್ರಾಣಿ.

"ದಿಂಬು ತೆಗಿ" ಅಂದರು ಅಪ್ಪ.

ತೆಗೆದೆ. ಓದಿ ಮುಗಿಯಿತು. ಈಗ ಈ ಮನುಷ್ಯ ಲ್ಯಾಪ್‌ಟಾಪನ್ನೂ ಸೂಟ್‌ಕೇಸಿಗೆ ಹಾಕಿಸುತ್ತಾರೆ, ನನ್ನ ಕೈಯಾರೆ ನಾನೇ ಕೆಡಿಸಿದೆ ಎಂದುಕೊಂಡೆ.

"ಚಮಚ ಅನ್ನೋದು ಸರಿಯಿದೆ" ಅಂದರು. "ಆದ್ರೆ ಮನೆ ಮಾರಿದ ಗಂಡನನ್ನ ಅವಳು ಕೊನೇಲಿ ಕ್ಷಮಿಸಬಾರದು ಅಂತ ಟಿಪ್ಪಣಿ ಹಾಕಿದ್ದೀಯಲ್ಲ, ಅದು ತಪ್ಪು. ಅವಳು ಕ್ಷಮಿಸ್ತಾಳೆ. ಅವಳು ಅಂಥವಳು."

"ಯಾಕೆ, ನೀವು ಅವಳನ್ನ ಕೇಳಿದ್ರಾ?"

"ಕೇಳ್ತಿದ್ದೀನಲ್ಲ ಈಗ. ನೀನು ದಿನಾ ದೇವರ ಹತ್ರ ಏನು ಕೇಳ್ಕೋತೀಯ?"

"ನನ್ನ ಪ್ರಾರ್ಥನೆ ನಿಮ್ಮ ಕಾದಂಬರಿಗಲ್ಲ."

"ಸುಮ್ನೆ ಹೇಳೇ."

"ಕೇಳೋದು ಕಡಿಮೆ ರೀ. ಜಗಳನೇ ಜಾಸ್ತಿ."

ಅಪ್ಪ ನಕ್ಕರು ಪುಟ್ಟಿ. ಕಣ್ಣು ಹೋದಮೇಲೆ ಆ ಮನೆ ನಡುಗಿಸುವ ನಗು ನಾನು ಕೇಳಿರಲಿಲ್ಲ. ನಕ್ಕು, "ಆ ಜಗಳ ಹೇಳು, ಬರ್ಕೋತೀನಿ" ಎಂದು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವರೇ ಒತ್ತಿದ ಮೊದಲ ಸಾಲು ದೇವರಿಗೇ ಪ್ರೀತಿ, ಒಂದಕ್ಷರ ನೆಟ್ಟಗಿರಲಿಲ್ಲ. ನೆಗಡಿರಾಯ ಅದನ್ನು ಮಂತ್ರದ ಹಾಗೆ ಓದಿದ. ಈಗ ಪರವಾಗಿಲ್ಲ. ಬೆಳಗಿನ ಪೂಜೆ ಮುಗಿಯುವುದೇ ತಡ, "ಬಂದೆಯಾ?" ಎಂದು ಕೂಗುತ್ತಾರೆ. ಆ ಹೆಂಡತಿಯ ಬಗ್ಗೆ ಜಗಳವಾಡುತ್ತೇವೆ. ಕ್ಷಮಿಸುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಪ್ರಕಾಶಕರಿಗೂ ಫೋನು ಹೋಗಿದೆ. ಟಿಪ್ಪಣಿ ಅಳಿಸಲಾ ಎಂದು ಕೇಳಿದ್ದಕ್ಕೆ "ಮುಟ್ಟಬೇಡ" ಎಂದಿದ್ದಾರೆ.

ಇನ್ನೊಂದು ಹೇಳಬೇಕು. ಆ ಸಾಫ್ಟ್‌ವೇರಿನಲ್ಲಿ ಒಂದು ಕಡೆ ಒತ್ತಿದರೆ ಅದನ್ನು ಮಾಡಿದವರ ಹೆಸರುಗಳು ಬರುತ್ತವೆ. ಯಾವ ಯಾವ ದೇಶದವರೋ, ಕೆಲವು ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಮ್ಮಿಂದ ಏನೂ ಪಡೆಯದೆ, ನಮ್ಮ ಮುಖವನ್ನೂ ನೋಡದೆ, ಒಬ್ಬ ಕುರುಡ ಬರೆಯಲಿ ಎಂದು ಎಲ್ಲೋ ಕೂತು ದುಡಿದಿದ್ದಾರಲ್ಲ! ದಿನಕ್ಕೊಂದು ಹೆಸರು ಹೇಳಿ ದೀಪ ಹಚ್ಚುತ್ತೇನೆ. ಉಚ್ಚಾರ ತಪ್ಪಿದರೆ ದೇವರು ತಿದ್ದಿಕೊಳ್ಳುತ್ತಾನೆ.

ನಿನಗೂ, ನಿನ್ನ ಶಾಲೆಯ ಆ ಕಂದಮ್ಮಗಳಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಬೆನ್ನ ಹಿಂದೆಯೇ ಇರಲಿ.

ಇತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ನೀನು ಕಾಲೇಜಿನಲ್ಲಿದ್ದಾಗ, ಅಪ್ಪನ ಪುಸ್ತಕ ಬಂದ ಸಂತೋಷಕ್ಕೆ ಅವರ ಸ್ನೇಹಿತರು ಮನೆಗೆ ಬಂದಿದ್ದರು. ನಾನು ಕಾಫಿ ತಂದಾಗ ಒಬ್ಬರು, "ನಿಮಗೆ ಪುಸ್ತಕ ಹೇಗನ್ನಿಸ್ತಮ್ಮ?" ಎಂದು ಕೇಳಿದರು. ನಾನು ಅದನ್ನು ಪೂರ್ತಿ ಓದಿದ್ದೆ. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಪ್ಪ, "ಅವಳನ್ನೇನು ಕೇಳ್ತೀರಿ, ದೇವರ ಪುಸ್ತಕ ಬಿಟ್ಟು ಬೇರೆ ಏನೂ ಅವಳ ತಲೆಗೆ ಹತ್ತಲ್ಲ" ಎಂದರು. ಎಲ್ಲರೂ ನಕ್ಕರು. ಅವರ ನಗು ನನಗೆ ಅಂದೇ ಮರೆತುಹೋಯಿತು. ಬಾಗಿಲ ಹತ್ತಿರ ನಿಂತಿದ್ದ ನೀನೂ ನಕ್ಕೆಯಲ್ಲ, ಅದು ಮರೆಯಲಿಲ್ಲ ಮಗಳೇ.

ನೆಗಡಿರಾಯ ಗಟ್ಟಿಯಾಗಿ ಓದಿ ಅಪ್ಪನಿಗೆ ಕೇಳಿಸಬಾರದೆಂದೇ ಇದಕ್ಕೆ ಕಾಗದ. ಓದಿ ಮಡಚಿಡು. ಫೋನಿನಲ್ಲಿ ಇದರ ಮಾತು ಬೇಡ, ಕ್ಷಮೆಯೂ ಬೇಡ. ರಜೆಗೆ ಬಂದಾಗ ನನ್ನ ಪಕ್ಕ ಕೂತು ನನ್ನ ಟಿಪ್ಪಣಿಗಳನ್ನು ಒಂದೂ ಬಿಡದೆ ಕೇಳು. ನಗು ಬರುವ ಕಡೆಗಳು ಬೇಕಾದಷ್ಟಿವೆ. ಅಲ್ಲಿ ನಗು, ನಾನೂ ನಗುತ್ತೇನೆ.