ಚುಕ್ಕಾಣಿಯ ಕೆಳಗಿನ ಕತ್ತಿ

ಕುಂದಾಪುರ
ಬುಧವಾರ

ಮಾವಯ್ಯನಿಗೆ ಚೇತನಾಳ ನಮಸ್ಕಾರ.

ಫೋನಿನಲ್ಲಿ ಈ ಮಾತೆತ್ತಿದರೆ ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಬರೆದು ನಿಮ್ಮ ದೋಣಿಯ ಶೈಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ದೋಣಿಯ ಹೊಸ ಎಲೆಕ್ಟ್ರಾನಿಕ್ ದಿಕ್ಸೂಚಿ ಸರಿಯಾಯಿತು. ಅಲೆಗೆ ಅಂಕಿ ಕುಣಿಯುತ್ತಿತ್ತಲ್ಲ, ಈಗ ಸೆಕೆಂಡಿಗೆ ಹತ್ತು ಸಲ ಅಳೆದು ಸರಾಸರಿಯನ್ನಷ್ಟೇ ತೋರಿಸುವಂತೆ ಮಾಡಿದ್ದೇನೆ. ಮೊಬೈಲನ್ನು ಅದರ ಪಕ್ಕ ಇಡಬೇಡಿ.

ಉತ್ತರ ತಪ್ಪಾಗಿ ತೋರಿಸುತ್ತಿದ್ದುದು ಚುಕ್ಕಾಣಿಯ ಕೆಳಗೆ ಸಿಕ್ಕಿಸಿದ ನಿಮ್ಮ ಮಗನ ಕತ್ತಿಯಿಂದ. ಕಬ್ಬಿಣ ತೆಗೆಯಿರಿ ಎಂದದ್ದಕ್ಕೆ, "ಅದ್ ಅಂವ ಸಿಕ್ಸಿಟ್ಟದ್. ನಾ ತೆಗಿತಿಲ್ಲೆ, ನೀನೂ ಮುಟ್ಬೇಡ" ಎಂದು ದಡಕ್ಕೆ ಇಳಿದು ಹೋದಿರಿ. ಅವರು ತೀರಿಕೊಂಡು ವರ್ಷ ಕಳೆಯಿತು ಎನ್ನುವವಳಿದ್ದೆ.

ನಿನ್ನೆ ಉಪ್ಪುಂದಕ್ಕೆ ಬಂದು, ಕತ್ತಿಯನ್ನು ಅಲ್ಲೇ ಬಿಟ್ಟು, ಶೈಲೇಶನಿಂದ ದೋಣಿಯನ್ನು ನಿಧಾನವಾಗಿ ಸುತ್ತು ಹಾಕಿಸಿದೆ. ಕತ್ತಿಯ ಸೆಳೆತ ಎಷ್ಟೆಂದು ಯಂತ್ರಕ್ಕೆ ಈಗ ಗೊತ್ತು. ಅಷ್ಟನ್ನು ಕಳೆದು ದಿಕ್ಕು ತೋರಿಸುತ್ತದೆ. ಇನ್ನು ಕತ್ತಿ ಅಲ್ಲಿದ್ದರೇ ಉತ್ತರ ಸರಿ. ದೋಣಿ ತೊಳೆಯುವವರಿಗೂ ಹೇಳಿಡಿ.

ಎಂದಾದರೂ ತೆಗೆಯುವ ಮನಸ್ಸಾದರೆ ನನ್ನನ್ನು ಕರೆಯಿರಿ, ಮತ್ತೆ ಹೊಂದಿಸಬೇಕಾಗುತ್ತದೆ. ಅದಕ್ಕೆ ಕೂಲಿ ಬೇಡ. ಕತ್ತಿ ನನಗೆ ಕೊಡಿ.

ನಿಮ್ಮ ಸೊಸೆ,
ಚೇತನಾ