ತಲೆಯ ಮೇಲಿಟ್ಟ ಆಜ್ಞೆ

ಜನವರಿ ೧೧, ೧೬೪೨

ಮತ್ತೊಂದು ರಾಜಾಜ್ಞೆ. ಪಟ್ಟಣ ಸಭೆಯ ಹಿರಿಯ ನಾನೇ ತಾನೆ — ಎದ್ದೆ, ಟೊಪ್ಪಿ ತೆಗೆದೆ, ಕಾಗದಕ್ಕೆ ಮುತ್ತಿಟ್ಟು ತಲೆ ಮೇಲಿಟ್ಟುಕೊಂಡೆ. ಗಡಿಕೋಟೆಯ ಕಾವಲಿಗೆ ನಮ್ಮೂರಿಂದ ಹೊಸ ಆಳುಗಳು ಬೇಕಂತೆ. "ತಲೆಬಾಗಿ ಒಪ್ಪಿದ್ದೇವೆ. ಜಾರಿ ಮಾಡಲಾಗದು" ಅಂದೆ. ನಮ್ಮಪ್ಪನೂ ಇದನ್ನೇ ಅನ್ನುತ್ತಿದ್ದ.

ದೊರೆಯ ಅಧಿಕಾರಿ ಡಾನ್ ಫದ್ರಿಕೆ ಮೂಗು ಒರೆಸಿಕೊಂಡ. "ದೊರೆ ದೇವರ ಸಮಾನ ಕಣ್ರಿ."

"ಯಾರು ಇಲ್ಲ ಅಂದ್ರು? ದೇವರು ಹೇಳಿದ್ದನ್ನಾದ್ರೂ ಪೂರ್ತಿ ಎಲ್ಲಿ ಮಾಡ್ತೀವಿ?"

ಎಲ್ಲ ನಕ್ಕರು. ಅವನೂ ನಕ್ಕ. ಪಾಪ, ಅವನಿಗಿರುವುದು ಒಬ್ಬ ಪೇದೆ, ಅವನೂ ಕುಂಟ.

ನಮ್ಮ ಮಗ ಅಂತೋಲೀನ್ ಇರುವುದೂ ಅದೇ ಕೋಟೆಯಲ್ಲಿ. ಗೊತ್ತು. ಆದರೆ ಯಾರ ಮಗನನ್ನು ಹಿಡಿದು ಕೊಡಲಿ? ಮೊಣಕಾಲು ನೋವು. ಕಡಲೆ ಸಾರು ಉಂಡು ಮಲಗಬೇಕು.

ಜನವರಿ ೩೦

ಕೋಟೆಯಿಂದ ಸುದ್ದಿ: ಅಂತೋಲೀನನ ಕಾಲಿಗೆ ಗಾಯವಾಗಿ ಕೀವು ತುಂಬಿದೆಯಂತೆ. ಹೆಂಡತಿ ಬ್ರಿಯಾಂದಾ ತಲೆ ತಿನ್ನುತ್ತಿದ್ದಾಳೆ. "ದೊರೆಗೇ ಬರೀರಿ. ಅವರ ಒಂದು ಮಾತು ಸಾಕು."

ಬರೆದೆ. ಅವಳ ಬಾಯಿ ಮುಚ್ಚಿಸಲು.

ಮಾರ್ಚ್ ೧೯

ಬಂತು! ದೊರೆಯದೇ ಸಹಿ. ಅಂತೋಲೀನನನ್ನು ಮನೆಗೆ ಬಿಡತಕ್ಕದ್ದು. ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವ ಮೆಲ್ಚೋರ್ ಕೈಯಲ್ಲಿ ಇವತ್ತೇ ಕೋಟೆಗೆ ಕಳಿಸಿದೆ. ಬ್ರಿಯಾಂದಾ ಅಳುತ್ತಲೇ ಮಗನ ಹಾಸಿಗೆಯ ಉಣ್ಣೆ ಬಿಸಿಲಿಗೆ ಹಾಕಿದಳು. "ಇನ್ನು ಯಾರು ತಡೀತಾರೆ?"

ಯಾರೂ ಇಲ್ಲ ಅಂತ ನಾನೂ ನಂಬಿದೆ. ಈ ವಯಸ್ಸಿಗೆ.

ಏಪ್ರಿಲ್ ೮, ಸಂಜೆ

ಮೆಲ್ಚೋರ್ ಒಬ್ಬನೇ ಬಂದ. ಹುಡುಗ ಬದುಕಿದ್ದಾನಂತೆ. ಊರುಗೋಲಲ್ಲೇ ಪಹರೆ.

"ಕೋಟೆಯ ದಳಪತಿ ಏನಂದ?"

"ಒಳ್ಳೆ ಮನುಷ್ಯ, ಯಜಮಾನ್ರೇ. ಎದ್ದು ನಿಂತ. ಟೊಪ್ಪಿ ತೆಗೆದ. ಕಾಗದಕ್ಕೆ ಮುತ್ತಿಟ್ಟ, ತಲೆ ಮೇಲೂ ಇಟ್ಕೊಂಡ..."

ಸಾಕು ಅಂದೆ. ಅವನು ನಿಲ್ಲಿಸಲಿಲ್ಲ.

"ಬದಲಿ ಆಳು ಬಂದ್ರೆ ಬಿಡ್ತಾನಂತೆ. ಯಾವ ಊರಿಂದ್ಲೂ ಬಂದಿಲ್ವಂತೆ."

ಒಳಗಿಂದ ಬ್ರಿಯಾಂದಾ ಕೂಗಿದಳು. "ಹಾಸಿಗೆ ಹಾಸ್ಲಾ?"

 

ಏಪ್ರಿಲ್ ೯

ಸಭೆ. ಗಡಿಕೋಟೆಗೆ ಆಳು ಕೊಡುವ ಅದೇ ಆಜ್ಞೆ, ಎರಡನೇ ಸಲ. ಡಾನ್ ಫದ್ರಿಕೆ ಕಾಗದ ಕೊಟ್ಟು ಕೂತ. ಸುದ್ದಿ ಊರಿಗೆಲ್ಲ ಗೊತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲ ಬಳಿ ಮೆಲ್ಚೋರ್ — ಬೆಳೆದ ಗಂಡುಮಕ್ಕಳಿಬ್ಬರು ಅವನಿಗೆ.

ಎದ್ದೆ. ಟೊಪ್ಪಿ ತೆಗೆದೆ. ಮುತ್ತಿಟ್ಟೆ. ತಲೆ ಮೇಲಿಟ್ಟುಕೊಂಡೆ. "ತಲೆಬಾಗಿ ಒಪ್ಪಿದ್ದೇವೆ" ಅಂದೆ. "ಜಾರಿ ಮಾಡಲಾಗದು" ಅನ್ನುವುದನ್ನು ಬಿಟ್ಟು, ಮೆಲ್ಚೋರ್ ಕಡೆ ನೋಡದೆ ಕೂತುಬಿಟ್ಟೆ.